ಬೇವಿನ ತೂಕ

ಮೊದಲು ಬಂದಂವ ಬೊಡ್ಡಿ ತಬ್ಬಿ ಅಳತಿ ತಗೊಂಡ.
‘ಪೂರಾ ಕಡದು ಒಯ್ತೀನ್ರಿ ಅಕ್ಕೋರೆ,
ನೀವು ಕೊಡೂದು ಬ್ಯಾಡ, ನಾನೇ ಎರಡು ಸಾವಿರ ಕೊಡ್ತೀನಿ.’
ಭಟ್ಟಿಗೆ ಕಟಗಿ ಬೇಕಾಗಿತ್ತು ಅವಗ.

ಎರಡನೇದಂವ ಫೋನಿನ್ಯಾಗೇ ರೇಟು ಹೇಳಿದ:
ಮಷೀನು, ಟ್ರಾಲಿ, ನಾಲ್ಕು ಮಂದಿ, ಅರ್ಧ ದಿನ.
ಯಾ ಗಿಡ ಅಂತ ಮಾತ್ರ ಕೇಳಲಿಲ್ಲ.

ಮೂರನೇದಂವ ಲಾಡ್ಲೇಸಾಬ. ಆಳಂದ ನಾಕಾದ ಕಡಿಯಿಂದ ಬಂದ,
ಹಳೇ ಲೂನಾ, ಹೆಗಲಿಗೆ ಹಗ್ಗದ ಸಿಂಬಿ.
‘ನೋಡೂದಕ್ಕ ಇನ್ನೂರು. ಕಡಿಯೂದು, ಬಿಡೂದು ಆಮ್ಯಾಲಿನ ಮಾತು.’
ನೋಡೂದಕ್ಕೂ ರೊಕ್ಕಾ? ಅಂದೆ.
‘ಡಾಕ್ಟರಗ ಕೊಡಂಗಿಲ್ಲೇನ್ರಿ?’

ಅಂವ ಮ್ಯಾಲ ನೋಡಲೇ ಇಲ್ಲ.
ಬೊಡ್ಡಿಗೆ ಕುಂತು
ಶಹಾಬಾದ ಪರಸಿ ಮ್ಯಾಲ ಅಂಗೈ ಇಟ್ಟ.
ಕಲಬುರಗಿ, ಮೇ ತಿಂಗಳು, ಹನ್ನೊಂದರ ಬಿಸಲು.
ಹಂಚು ಮುಟ್ಟಿದಂಗ ಕೈ ತಗದ.
‘ಕುತ್ತಿಗಿತನಾ ಹಾಸೀರಿ. ಇದು ಉಸರು ಎಲ್ಲಿಂದ ತಗೋಬೇಕ್ರಿ?’

ಹಾಸಿಸಿದಾಕಿ ನಾನೇ, ಹೋದ ದೀಪಾವಳಿಗೆ.
ಕೆಸರು ಬ್ಯಾಡ, ಕಸ ಬ್ಯಾಡ ಅಂತ
ಗೌಂಡಿಯ ತಲಿಮ್ಯಾಲ ನಿಂತು
ಇರುವಿ ಹೋಗದಂಗ ಸಂದಿ ತುಂಬಿಸಿದ್ದೆ.
ಹೇಳಲಿಲ್ಲ. ಚಾ ತಂದುಕೊಟ್ಟೆ.

ಏಣಿ ಹಾಕಿ, ಕೊಯ್ತದ ಬೆನ್ನಿಂದ
ಕಲ್ಲಂಗಡಿ ಬಡದು ನೋಡಿದಂಗ ಬಡಕೋತ ಏರಿದ.
ಮೊದಲ ಕವಲಿನ ಹತ್ತರ ನಿಂತ. ಮತ್ತ ಬಡದ.
‘ಇಲ್ಲಿ ಕಬ್ಬಣ ಅದ.’

ಇತ್ತು. ಮಾವನ ತಕ್ಕಡಿಯ ಕೊಂಡಿ.
ತೊಗರಿ ತಂದವರು ಇದೇ ನೆರಳಿಗೆ ಸಾಲು ಕುಂತಿರತಿದ್ರಂತ,
ಪರಡಿ ಯಾವಾಗಲೂ ಒಂದು ಬೆರಳು
ನಮ್ಮ ಕಡಿ ವಾಲತಿತ್ತಂತ.
ಮಂದಿ ಮಾತು. ನಾ ಮದುವಿಯಾಗಿ ಬಂದಾಗ
ತಕ್ಕಡಿ ಅಟ್ಟದ ಮ್ಯಾಲಿತ್ತು, ತೂಕದ ಕಲ್ಲು ಎಲ್ಲಿದ್ವೋ ಏನೋ.
ಕೊಂಡಿ ಮಾತ್ರ ಅರ್ಧ ಕಾಣತಿತ್ತು.
ವರ್ಷಕ್ಕಿಷ್ಟು, ಸಪ್ಪಳಿಲ್ಲದಂಗ, ಗಿಡ ಅದನ್ನ ನುಂಗಿತು.
ಈಗ ತೊಗಟಿ ಮ್ಯಾಲ ಹೊಕ್ಕಳದಂಥಾ ಗುರುತು.

ತಗಿಯೂದೇನು?
‘ಬ್ಯಾಡ್ರಿ. ಅರಗಿಲ್ಲ ಖರೆ,
ಅದರ ಸುತ್ತೇ ಬೆಳದದ. ಕಿತ್ತರ ಗಾಯ.’

ಬಾಜೂ ಮನಿ ಶಾಂತಮಲ್ಲಪ್ಪನ ತಕರಾರಿಗೇ ಇದೆಲ್ಲಾ ಶುರು:
ಎಲಿ ಅವರ ಟಾಕಿಗೆ ಬೀಳತಾವ,
ಹೂವು ಸಂಡಿಗಿ ಮ್ಯಾಲ ಬೀಳತಾವ,
ರಾತ್ರಿ ಕೊಂಬಿ ಪತ್ರಾಸಕ್ಕ ಗೀರತಾವ.
ಗಿಡ ವಾಲಿದ್ದು ಸುಳ್ಳಲ್ಲ, ಅವರ ಕಡೀಗೇ.
ಅವರಪ್ಪನೂ ಒಂದು ಕಾಲದಾಗ
ಇಲ್ಲೇ ತೊಗರಿ ತೂಗಿಸಿದಂವ.

‘ಗಿಡ ಇಳಸೂದಲ್ರಿ, ತೂಕ ಇಳಸೂದು,’ ಅಂದ ಲಾಡ್ಲೇಸಾಬ.
ನಾಲ್ಕರಾಗ ಒಂದು ಪಾಲು, ಮ್ಯಾಲ ಒಂದು ಎಲಿ ಹೆಚ್ಚಿಲ್ಲ.
ಮೊದಲು ಕೆಳಗಿಂದ ಒಂದು ಕಚ್ಚು, ಆಮ್ಯಾಲ ಮ್ಯಾಲಿಂದ,
ತೊಗಟಿ ಸೀಳಬಾರದಂತ.
ಹಗ್ಗ ಕಟ್ಟಿದ ಕೊಂಬಿ
ತೊಟ್ಟಿಲದಿಂದ ಎತ್ತಿದ ಕೂಸಿನಂಗ
ಅವನ ಅಳಿಯನ ಕೈಯಾಗ ಇಳದ್ವು.
ಕಾಗಿ ಗೂಡಿದ್ದ ಕವಲಿಗೆ ಗರಗಸ ಹೋಗಲಿಲ್ಲ.
‘ಅದು ಮಳಿ ಹಿಡದ ಮ್ಯಾಲ,’
ಬಾಡಿಗಿಯವರಿಗೆ ವಾಯಿದೆ ಕೊಟ್ಟಂಗ ಹೇಳಿದ.

ಸಂಜಿಕ ಹನ್ನೆರಡು ಪರಸಿ ಕೀಳಿಸಿದೆ.
ಎರಿ ಮಣ್ಣು ಬೂದಿಬಣ್ಣ ಆಗಿತ್ತು.
ಬಿಳೇ ಬೇರು ಕಲ್ಲಿನ ಹೊಟ್ಟಿಗೆ ಅಂಟಿ
ಚಪ್ಪಟಿಯಾಗಿ ಹರದಾಡಿದ್ವು,
ದಾರಿ ಕೇಳಿ ಕೇಳಿ ದಣದವರಂಗ.
ಒಂದು ಕೊಡ ಹಾಕಿದೆ. ಚುಂಯ್ ಅಂತು.
ಎರಡು. ಮೂರು. ಆಮ್ಯಾಲ ಎಣಿಸಲಿಲ್ಲ.

ರಸೀದಿ ಕೇಳಿದರ ಹಳೇ ಕ್ಯಾಲೆಂಡರಿನ ಹಿಂದ ಬರದ:
ಬೇವು ೧. ನೋಡಿದ್ದು ೨೦೦. ಇಳಿಸಿದ್ದು ೨೮೦೦.
ಬಿಟ್ಟದ್ದು,
ಅಂತ ಬರದು, ಮುಂದ ಏನೂ ಬರೀಲಿಲ್ಲ.

ಮರುದಿನ ಶಾಂತಮಲ್ಲಪ್ಪ ಕಂಪೌಂಡಿಗೆ ಗದ್ದ ಹಚ್ಚಿ ನಿಂತಿದ್ದ.
ಹಿಂದ ಅವನ ಸ್ಕೂಟರು ಬಿಸಲಾಗ.
‘ನೆರಳು ಕಡಿಮಿ ಬಂತಲ್ರಿ ಅಕ್ಕೋರೆ.
ತೂಕದಾಗ ನಿಮ್ಮ ಮನಿತನ ಮೊದಲಿಂದ ಹಂಗೇ.’
ನಗತಿದ್ದನೋ, ಬಿಸಲಿಗೆ ಕಣ್ಣು ಸಣ್ಣ ಮಾಡಿದ್ದನೋ.

ಆಷಾಢತನಾ ತಡೀರಿ, ಅಂದೆ.
ಚಿಗರತದ. ಕೊಸರೂ ಬರತದ.